ಶಿಶುಗಳ ಬೀಳುವಿಕೆ

ಶಿಶುಗಳ ಬೀಳುವಿಕೆ ಎಂದರೆ ಹುಟ್ಟಿದಂದಿನಿಂದ ಸುಮಾರು ಎರಡು ವರ್ಷದವರೆಗಿನ ಮಕ್ಕಳು ಮಂಚ, ತೊಟ್ಟಿಲು, ಜೋಲಿ, ಜಗುಲಿ, ಮೆಟ್ಟಿಲು ಅಥವಾ ಹಿರಿಯರ ತೋಳಿನಿಂದ ಜಾರಿ ಬೀಳುವುದು ಮತ್ತು ನಡಿಗೆ ಕಲಿಯುವಾಗ ನಿಂತ ನೆಲದಲ್ಲಿಯೇ ಮುಗ್ಗರಿಸುವುದು. ಮಗುವಿರುವ ಪ್ರತಿಯೊಂದು ಮನೆಯಲ್ಲಿಯೂ ಇದು ಒಂದಲ್ಲ ಒಂದು ದಿನ ನಡೆಯುತ್ತದೆ. ಇಂತಹ ಬೀಳುವಿಕೆಗಳಲ್ಲಿ ಬಹುಪಾಲು ಸ್ವಲ್ಪ ಅಳು ಮತ್ತು ಹಣೆಯ ಮೇಲೊಂದು ಬುಗುಟಿನೊಂದಿಗೆ ಮುಗಿಯುತ್ತವೆ. ಕೆಲವೇ ಸಂದರ್ಭಗಳಲ್ಲಿ ತಲೆಬುರುಡೆ ಬಿರುಕು ಬಿಡುವುದು, ಮಿದುಳಿನ ಸುತ್ತ ರಕ್ತಸ್ರಾವವಾಗುವುದು, ಮೂಳೆ ಮುರಿಯುವುದು ಉಂಟು. ಇವೆರಡನ್ನು ಬೇರ್ಪಡಿಸಿ ಗುರುತಿಸುವುದೇ ಈ ವಿಷಯದಲ್ಲಿ ಮುಖ್ಯವಾದುದು. ಈ ಲೇಖನದಲ್ಲಿನ ಸ್ಥಳೀಯ ಉದಾಹರಣೆಗಳು ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿ ಹಾಗೂ ಅದರ ಆಸುಪಾಸಿನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಗ್ರಾಮೀಣ ಜೀವನಕ್ಕೆ ಸಂಬಂಧಿಸಿವೆ.

ಶಿಶುವಿನ ದೇಹರಚನೆ

ಹುಟ್ಟಿದ ಮಗುವಿನ ತಲೆ ಅದರ ಒಟ್ಟು ಉದ್ದದ ಸುಮಾರು ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ವಯಸ್ಕರಲ್ಲಿ ಇದು ಏಳು ಅಥವಾ ಎಂಟನೇ ಒಂದು ಭಾಗ ಮಾತ್ರ. ತಲೆ ಭಾರವಾಗಿದ್ದು ಕುತ್ತಿಗೆಯ ಸ್ನಾಯುಗಳು ಎಳೆಯವಾಗಿರುವುದರಿಂದ ಮಗು ಹೇಗೆ ಜಾರಿದರೂ ಹೆಚ್ಚಾಗಿ ತಲೆಯೇ ಮೊದಲು ನೆಲ ಮುಟ್ಟುತ್ತದೆ. ಕೈಯೂರಿ ತಡೆದುಕೊಳ್ಳುವ ಪ್ರತಿಕ್ರಿಯೆ ಮಗು ಕುಳಿತುಕೊಳ್ಳಲು ಕಲಿಯುವ ಕಾಲದಲ್ಲಿ ಮೂಡಿ ನಿಧಾನವಾಗಿ ಬಲಗೊಳ್ಳುತ್ತದೆ.

ಶಿಶುವಿನ ತಲೆಬುರುಡೆಯ ಮೂಳೆಗಳು ತೆಳುವಾಗಿದ್ದು ಇನ್ನೂ ಒಂದಕ್ಕೊಂದು ಬೆಸೆದಿರುವುದಿಲ್ಲ. ಅವುಗಳ ನಡುವೆ ಚರ್ಮದಡಿಯಲ್ಲಿ ಪೊರೆಯಷ್ಟೇ ಇರುವ ಮೆತ್ತನೆಯ ಭಾಗಗಳಿಗೆ ನೆತ್ತಿ ಅಥವಾ ನೆತ್ತಿಸುಳಿ ಎಂದು ಹೆಸರು. ಹಿನ್ನೆತ್ತಿ ಎರಡು ಮೂರು ತಿಂಗಳೊಳಗೆ ಮುಚ್ಚಿಕೊಳ್ಳುತ್ತದೆ. ಮುನ್ನೆತ್ತಿ ಸಾಮಾನ್ಯವಾಗಿ 12ರಿಂದ 18 ತಿಂಗಳ ನಡುವೆ, ಕೆಲವರಲ್ಲಿ ಎರಡು ವರ್ಷದ ಹೊತ್ತಿಗೆ ಮುಚ್ಚುತ್ತದೆ. ಹೆರಿಗೆಗೂ ಮಿದುಳಿನ ಬೆಳವಣಿಗೆಗೂ ಅನುಕೂಲವಾದ ಈ ರಚನೆ ಪೆಟ್ಟಿನ ವಿಷಯದಲ್ಲಿ ಇಬ್ಬಗೆಯಾಗಿ ವರ್ತಿಸುತ್ತದೆ. ಬುರುಡೆ ಕೊಂಚ ಬಾಗಿ ಪೆಟ್ಟನ್ನು ಹೀರಿಕೊಳ್ಳಬಲ್ಲುದು. ಆದರೆ ಒಳಗೆ ರಕ್ತ ಸೇರಿದರೆ ನೆತ್ತಿ ಉಬ್ಬಿ ಒತ್ತಡವನ್ನು ಕೆಲಕಾಲ ತಾಳಿಕೊಳ್ಳುವುದರಿಂದ ಅಪಾಯದ ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳಬಹುದು. ಆರಾಮವಾಗಿ ಕುಳಿತಿರುವ, ಅಳದಿರುವ ಮಗುವಿನ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ ಅದನ್ನು ಎಂದಿಗೂ ಉಪೇಕ್ಷಿಸಬಾರದು. ಅಳುವಾಗ ನೆತ್ತಿ ಉಬ್ಬುವುದು ಮಾತ್ರ ಸಹಜ.

ವಯಸ್ಸು ಮತ್ತು ಬೀಳುವ ಬಗೆ

ಮೊದಲ ಮೂರು ತಿಂಗಳು ಮಗು ತಾನಾಗಿ ಬೀಳುವುದು ಅಪರೂಪ, ಬೇರೆಯವರ ಕೈಯಿಂದ ಬೀಳುವುದೇ ಹೆಚ್ಚು. ಎಣ್ಣೆ ಹಚ್ಚಿ ಎರೆಯುವಾಗ ಜಾರುವುದು, ಹಾಲೂಡುತ್ತಾ ತಾಯಿ ನಿದ್ದೆಹೋಗುವುದು, ಎತ್ತಿಕೊಂಡವರೇ ಹೊಸ್ತಿಲಿಗೆ ಎಡವುವುದು ಇದಕ್ಕೆ ನಿದರ್ಶನಗಳು. ನಾಲ್ಕರಿಂದ ಆರು ತಿಂಗಳಿಗೆ ಮಗು ಮಗ್ಗುಲು ತಿರುಗಿ ಬೋರಲು ಬೀಳಲು ಕಲಿಯುತ್ತದೆ. ಮಂಚದಿಂದ ಉರುಳುವುದು ಆಗಲೇ. ನಿನ್ನೆಯವರೆಗೆ ಮಲಗಿಸಿದಲ್ಲಿಯೇ ಇದ್ದ ಮಗು ಇಂದು ಹೊರಳುವುದೆಂದು ಯಾರೂ ಮುಂಚೆ ತಿಳಿಸುವುದಿಲ್ಲ. ಬೋರಲು ಬಿದ್ದಾಗ ಸಿಹಿ ಹಂಚುವ, ಅಂಬೆಗಾಲಿಟ್ಟು ಹೊಸ್ತಿಲು ದಾಟಿದಾಗ ಹೊಸ್ತಿಲಿಗೆ ಪೂಜೆ ಮಾಡುವ ಪದ್ಧತಿ ಈ ಸೀಮೆಯ ಅನೇಕ ಮನೆಗಳಲ್ಲಿ ಉಂಟು. ಈ ಎರಡು ಸಂಭ್ರಮದ ದಿನಗಳೇ ಮಂಚದ ಅಂಚನ್ನೂ ಜಗುಲಿಯ ಅಂಚನ್ನೂ ಕಾಯತೊಡಗಬೇಕಾದ ದಿನಗಳು ಎನ್ನಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡದಂತೆ ಆರೋಗ್ಯವಂತ ಮಕ್ಕಳು ಸುಮಾರು 8ರಿಂದ 18 ತಿಂಗಳ ನಡುವೆ ಯಾವಾಗ ಬೇಕಾದರೂ ಸ್ವತಂತ್ರವಾಗಿ ನಡೆಯತೊಡಗಬಹುದು. ನಡೆಯಲು ಕಲಿಯುವ ಮಗು ಎಷ್ಟು ಬಾರಿ ಬೀಳುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಕರೆನ್ ಅಡಾಲ್ಫ್ ಮತ್ತು ಸಂಗಡಿಗರು ಎಣಿಸಿ 2012ರಲ್ಲಿ ಪ್ರಕಟಿಸಿದರು. 12ರಿಂದ 19 ತಿಂಗಳ ಮಕ್ಕಳು ಒಂದು ಗಂಟೆಯ ಆಟದಲ್ಲಿ ಸರಾಸರಿ 2,368 ಹೆಜ್ಜೆಗಳನ್ನಿಟ್ಟು 17 ಬಾರಿ ಬಿದ್ದಿದ್ದರು. ಮಗು ದಿನವಿಡೀ ಬೀಳುತ್ತದೆ ಎಂದು ಕಳವಳಗೊಳ್ಳುವ ತಾಯಂದಿರು ಈ ಅಂಕಿಯನ್ನು ನೆನಪಿಡಬಹುದು.

ಎತ್ತರ ಮತ್ತು ನೆಲ

ಬೀಳುವ ಎತ್ತರ ಇಮ್ಮಡಿಯಾದರೆ ನೆಲ ಮುಟ್ಟುವಾಗಿನ ಶಕ್ತಿಯೂ ಇಮ್ಮಡಿಯಾಗುತ್ತದೆ. 45 ಸೆಂಟಿಮೀಟರ್ ಎತ್ತರದ ಮಂಚದಿಂದ ಬಿದ್ದ ಮಗು ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿಯೂ, 90 ಸೆಂಟಿಮೀಟರ್ ಎತ್ತರದ ಮೇಜಿನಿಂದ ಬಿದ್ದರೆ ಸುಮಾರು 15 ಕಿಲೋಮೀಟರ್ ವೇಗದಲ್ಲಿಯೂ ನೆಲ ಮುಟ್ಟುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಮೂರು ಅಡಿ, ಅಂದರೆ ಸುಮಾರು 90 ಸೆಂಟಿಮೀಟರಿಗಿಂತ ಎತ್ತರದಿಂದ ಬೀಳುವುದನ್ನು ವೈದ್ಯರು ಗಂಭೀರವೆಂದು ಪರಿಗಣಿಸುತ್ತಾರೆ. ನಿಂತಿರುವ ಹಿರಿಯರ ಸೊಂಟದ ಎತ್ತರವೂ ಹೆಚ್ಚುಕಡಿಮೆ ಇಷ್ಟೇ ಆಗುವುದರಿಂದ ತೋಳಿನಿಂದ ಜಾರಿ ಬಿದ್ದ ಮಗುವನ್ನು ಮಂಚದಿಂದ ಬಿದ್ದ ಮಗುವಿನಂತೆ ಕಾಣಲಾಗದು.

ನೆಲವೂ ಅಷ್ಟೇ ಮುಖ್ಯ. ಸಗಣಿ ಸಾರಿಸಿದ ಮಣ್ಣಿನ ನೆಲ, ಕೆಂಪು ಗಾರೆಯ ನೆಲ, ಗ್ರಾನೈಟ್ ನೆಲ ಇವು ಮೂರೂ ಒಂದೇ ಎತ್ತರದಿಂದ ಬಿದ್ದ ತಲೆಯನ್ನು ಒಂದೇ ಬಗೆಯಾಗಿ ತಡೆಯುವುದಿಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ಮಗುವನ್ನು ನೆಲದ ಮೇಲೆ ಚಾಪೆ ಕಂಬಳಿ ಹಾಸಿ ಮಲಗಿಸುತ್ತಿದ್ದುದರಿಂದ ಬೀಳಲು ಎತ್ತರವೇ ಇರುತ್ತಿರಲಿಲ್ಲ. ಈಗ ಹಳ್ಳಿಗಳಲ್ಲಿಯೂ ಎತ್ತರದ ಮಂಚ, ಅದರಡಿಯಲ್ಲಿ ಹೊಳೆಯುವ ಟೈಲ್ಸ್ ನೆಲ ಬಂದಿವೆ. ಮಂಚದ ಪಕ್ಕದಲ್ಲಿ ನಾಲ್ಕಾರು ಮಡಿಕೆಯ ಕಂಬಳಿ ಹಾಸಿದರೆ ಪೆಟ್ಟಿನ ತೀವ್ರತೆ ಗಣನೀಯವಾಗಿ ತಗ್ಗುತ್ತದೆ.

ಬಿದ್ದ ಕೂಡಲೇ ಮಾಡಬೇಕಾದುದು

ಮೊದಲ ಕೆಲಸ ನೋಡುವುದು, ಎರಡನೆಯದು ಎತ್ತುವುದು. ಬಿದ್ದ ಮಗು ಕೂಡಲೇ ಗಟ್ಟಿಯಾಗಿ ಅತ್ತು, ಕೈಕಾಲುಗಳನ್ನೆಲ್ಲ ಆಡಿಸುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಮೆಲ್ಲನೆ ಎತ್ತಿಕೊಂಡು ಸಮಾಧಾನಪಡಿಸಿ, ಮಂಪರಿಲ್ಲದೆ ಚೇತರಿಸಿಕೊಂಡ ಮೇಲೆ ಹಾಲೂಡಿಸಬಹುದು. ಸಾಮಾನ್ಯ ಪೆಟ್ಟಾಗಿದ್ದರೆ ಹತ್ತು ಹದಿನೈದು ನಿಮಿಷಗಳಲ್ಲಿ ಮಗು ಅಳು ನಿಲ್ಲಿಸಿ ಆಟಕ್ಕೆ ಮರಳುತ್ತದೆ. ಮಗು ಪ್ರಜ್ಞೆಯಿಲ್ಲದೆ ಬಿದ್ದಿದ್ದರೆ, ಅಥವಾ ಎತ್ತರದಿಂದ ತಲೆಕೆಳಗಾಗಿ ಬಿದ್ದು ಕುತ್ತಿಗೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ಬೆಂಕಿ, ನೀರು, ವಾಹನಗಳಂತಹ ಬೇರೆ ಅಪಾಯವಿಲ್ಲದ ಪಕ್ಷದಲ್ಲಿ ಅಲುಗಿಸದೆ 108ಕ್ಕೆ ಕರೆ ಮಾಡಬೇಕು. ವಾಂತಿಯಾಗುತ್ತಿದ್ದರೆ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಪಕ್ಕಕ್ಕೆ ಹೊರಳಿಸಬೇಕು. ಎಚ್ಚರಿಸುವುದಕ್ಕೆಂದು ಮಗುವನ್ನು ಅಲುಗಾಡಿಸುವುದು ಅತ್ಯಂತ ಅಪಾಯಕಾರಿ. ಬಿದ್ದದ್ದರಿಂದ ಆಗದ ರಕ್ತಸ್ರಾವ ಅಲುಗಾಡಿಸಿದ್ದರಿಂದ ಆಗಬಹುದು.

ಬುಗುಟಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ತಣ್ಣೀರಿನ ಒದ್ದೆಬಟ್ಟೆಯನ್ನೋ ಹತ್ತು ನಿಮಿಷ ಹಗುರವಾಗಿ ಇಡಬೇಕು. ಊತವನ್ನು ಹೆಬ್ಬೆರಳಿನಿಂದ ಒತ್ತಿ ಅಡಗಿಸುವುದು, ಬಿಸಿ ಬಟ್ಟೆಯಿಂದ ಶಾಖ ಕೊಡುವುದು ಹಳ್ಳಿಗಳಲ್ಲಿ ರೂಢಿಯಲ್ಲಿದ್ದರೂ ಇವೆರಡೂ ಒಳಗಿನ ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಗಾಯದಿಂದ ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಬುರುಡೆ ತಗ್ಗಾದಂತೆ ತೋರಿದರೆ ಮಾತ್ರ ಒತ್ತಬಾರದು. ಕಾಫಿ ಬೆಳೆಯುವ ಜಿಲ್ಲೆಯಾದ ಹಾಸನದಲ್ಲಿ ರಕ್ತ ಕಂಡೊಡನೆ ಕಾಫಿಪುಡಿಯ ಡಬ್ಬಕ್ಕೆ ಕೈಹಾಕುವುದು ವಾಡಿಕೆ. ಪುಡಿ ಮೆತ್ತಿಕೊಂಡ ಗಾಯದಲ್ಲಿ ಆಳವೆಷ್ಟೆಂದು ಕಾಣುವುದಿಲ್ಲ, ಅದನ್ನು ತೊಳೆಯುವಾಗ ಮಗು ಎರಡನೆಯ ಬಾರಿ ನೋವು ತಿನ್ನಬೇಕಾಗುತ್ತದೆ. ಅರಿಸಿನ, ಸುಣ್ಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರತಿಯೊಂದು ಗಾಯಕ್ಕೂ ಧನುರ್ವಾಯು ಚುಚ್ಚುಮದ್ದು ಬೇಕೆಂಬ ನಂಬಿಕೆಯೂ ಇದೆ. 6, 10 ಮತ್ತು 14ನೇ ವಾರಗಳ ಲಸಿಕೆಗಳನ್ನು ಕ್ರಮವಾಗಿ ಹಾಕಿಸಿದ್ದರೆ ಸಣ್ಣ, ಶುದ್ಧ ಗಾಯಕ್ಕೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ತಾಯಿ ಕಾರ್ಡನ್ನು ವೈದ್ಯರಿಗೆ ತೋರಿಸಿದರೆ ಸಾಕು.

ನೋವಿಗೆ ಕೊಡಬಹುದಾದುದು ಪ್ಯಾರಾಸಿಟಮಾಲ್ ಮಾತ್ರ. ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂನಂತೆ, ಕನಿಷ್ಠ ನಾಲ್ಕರಿಂದ ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ ನಾಲ್ಕು ಬಾರಿಗೆ ಮೀರದಂತೆ. ಮೂರು ತಿಂಗಳೊಳಗಿನ ಮಗುವಿಗೆ ವೈದ್ಯರು ಹೇಳದೆ ಕೊಡಬಾರದು. ಔಷಧದಂಗಡಿಗಳಲ್ಲಿ ಸಿಗುವ ಹನಿಗಳ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇದ್ದರೆ, ಸಿರಪ್ಪಿನಲ್ಲಿ ಐದು ಮಿಲಿಲೀಟರಿಗೆ 120, 125 ಅಥವಾ 250 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನ ಅಳತೆಯಲ್ಲಿ ಹನಿಗಳನ್ನು ಕೊಟ್ಟರೆ ಔಷಧ ಎರಡರಿಂದ ನಾಲ್ಕು ಪಟ್ಟು ಹೆಚ್ಚಾಗುತ್ತದೆ. ಆದಕಾರಣ ಸೀಸೆಯ ಮೇಲಿನ ಅಂಕಿಯನ್ನು ಓದದೆ ಕೊಡಬಾರದು. ಆಸ್ಪಿರಿನ್ ಶಿಶುಗಳಿಗೆ ಸಲ್ಲದು.

ಚಿಂತಿಸಬೇಕಾದ ಲಕ್ಷಣಗಳು

ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಬೇಕು: ಕೆಲವೇ ಕ್ಷಣಗಳಾದರೂ ಪ್ರಜ್ಞೆ ತಪ್ಪಿದುದು, ಫಿಟ್ಸ್ ಬಂದುದು, ಎರಡು ಮೂರು ಬಾರಿ ವಾಂತಿಯಾದುದು, ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಯಾವ ರೀತಿಯಿಂದಲೂ ನಿಲ್ಲದ, ಕೀರಲು ದನಿಯ ಅಳು, ಹಾಲು ಕುಡಿಯಲು ನಿರಾಕರಿಸುವುದು, ಮಗು ಬಿಳಿಚಿಕೊಳ್ಳುವುದು, ಕಿವಿ ಮೂಗುಗಳಿಂದ ರಕ್ತವಾಗಲಿ ನೀರಿನಂತಹ ದ್ರವವಾಗಲಿ ಬರುವುದು, ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪುಗಟ್ಟುವುದು, ಎರಡು ಕಣ್ಣುಗಳ ಪಾಪೆಗಳು ಒಂದೇ ಅಳತೆಯಲ್ಲಿರದಿರುವುದು, ಒಂದು ಕೈ ಅಥವಾ ಕಾಲನ್ನು ಆಡಿಸದಿರುವುದು, ಉಬ್ಬಿದ ನೆತ್ತಿ.

ಊತ ಎಲ್ಲಿದೆ ಎಂಬುದು ಬಹಳ ಜನರಿಗೆ ತಿಳಿಯದ ಅಂಶ. ಹಣೆಯ ಮೇಲಿನ ಬುಗುಟು ನೋಡಲು ಭಯಂಕರವಾದರೂ ಅಲ್ಲಿನ ಮೂಳೆ ಗಟ್ಟಿಯಾಗಿರುವುದರಿಂದ ಸಾಮಾನ್ಯವಾಗಿ ನಿರಪಾಯ. ಕಿವಿಯ ಮೇಲ್ಭಾಗ, ತಲೆಯ ಪಕ್ಕ ಅಥವಾ ಹಿಂಭಾಗದಲ್ಲಿ ಒತ್ತಿದರೆ ನೀರುತುಂಬಿದ ಚೀಲದಂತೆ ಮೆತ್ತಗೆ ಕಾಣುವ ಊತದ ಅಡಿಯಲ್ಲಿ ಬುರುಡೆಯ ಬಿರುಕು ಇರಬಹುದು. ಇದು ಕೂದಲಿನಡಿ ಅಡಗಿರುವುದರಿಂದ ಬಿದ್ದ ಮಗುವಿನ ತಲೆಯನ್ನೆಲ್ಲ ಬೆರಳುಗಳಿಂದ ನಿಧಾನವಾಗಿ ಸವರಿ ನೋಡಬೇಕು. ಕೆಲವೊಮ್ಮೆ ಊತ ಬಿದ್ದ ದಿನ ಕಾಣದೆ ಮರುದಿನ ಎರೆಯುವಾಗ ಕೈಗೆ ಸಿಗುತ್ತದೆ.

ಮೂರು ತಿಂಗಳೊಳಗಿನ ಮಗು ತಲೆಗೆ ಪೆಟ್ಟಾಗುವಂತೆ ಬಿದ್ದಿದ್ದರೆ ಮೇಲಿನ ಲಕ್ಷಣಗಳಿಲ್ಲದಿದ್ದರೂ ವೈದ್ಯರಿಗೆ ತೋರಿಸುವುದು ಸರಿ. ಈ ವಯಸ್ಸಿನಲ್ಲಿ ಲಕ್ಷಣಗಳು ಅಸ್ಪಷ್ಟವಾಗಿರುತ್ತವೆ. ಹುಟ್ಟಿದಾಗ ಕೊಡಬೇಕಾದ ವಿಟಮಿನ್ ಕೆ ಚುಚ್ಚುಮದ್ದು ತಪ್ಪಿಹೋಗಿದ್ದರೆ ಮೊದಲ ಆರು ತಿಂಗಳಲ್ಲಿ ಸಣ್ಣ ಪೆಟ್ಟಿಗೂ, ಪೆಟ್ಟೇ ಇಲ್ಲದೆಯೂ ಮಿದುಳಿನಲ್ಲಿ ರಕ್ತಸ್ರಾವವಾಗುವ ಸಂಭವವುಂಟು. ಮನೆಯಲ್ಲಿ ಹೆರಿಗೆಯಾದ ಮಗುವಿನ ವಿಷಯದಲ್ಲಿ ಈ ಮಾತನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಹಿಮೋಫಿಲಿಯಾ ಇರುವ ಕುಟುಂಬದ ಗಂಡುಮಕ್ಕಳಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಉಸಿರು ಕಟ್ಟುವ ಅಳು

ಬಿದ್ದ ಮಗು ಬಾಯಿ ತೆರೆದು, ಅಳು ಹೊರಡದೆ, ಉಸಿರು ಕಟ್ಟಿ ನೀಲಿಯಾಗಿ ಅಥವಾ ಬಿಳಿಚಿ ಕೈಕಾಲು ಸಡಿಲಬಿಡುವುದುಂಟು. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಸ್ಥಿತಿ ನೋವು ಅಥವಾ ಸಿಟ್ಟಿನಿಂದ ಉಂಟಾಗುತ್ತದೆ. ಒಂದು ನಿಮಿಷದೊಳಗೆ ಉಸಿರು ತಾನಾಗಿಯೇ ಮರಳುತ್ತದೆ. ಮಗುವನ್ನು ಪಕ್ಕಕ್ಕೆ ಮಲಗಿಸಿ ಕಾಯುವುದೊಂದೇ ಇದಕ್ಕೆ ಮದ್ದು. ಆದರೆ ಇದು ತಲೆಪೆಟ್ಟಿನಿಂದ ಪ್ರಜ್ಞೆ ತಪ್ಪಿದುದೋ ಎಂಬುದನ್ನು ಮನೆಯವರು ನಿರ್ಧರಿಸುವುದು ಕಷ್ಟವಾದ್ದರಿಂದ ಮೊದಲ ಸಲ ಹೀಗಾದಾಗ ವೈದ್ಯರನ್ನು ಕಾಣಬೇಕು. ಅತ್ತ ನಂತರ ಉಸಿರು ಕಟ್ಟಿತೋ, ಅಳುವ ಮೊದಲೇ ಸುಮ್ಮನಾಯಿತೋ ಎಂಬ ವಿವರ ವೈದ್ಯರಿಗೆ ಬಹಳ ಉಪಯುಕ್ತ.

ಇಂತಹ ವೇಳೆಯಲ್ಲಿ ಮಗುವಿನ ಕೈಗೆ ಕಬ್ಬಿಣದ ಬೀಗದಕೈ ಕೊಡುವ, ಈರುಳ್ಳಿ ಮೂಸಿಸುವ ಪದ್ಧತಿ ಇದೆ. ವಿಚಿತ್ರವೆಂದರೆ ಉಸಿರು ಕಟ್ಟುವ ಅಳುವಿಗೂ ಕಬ್ಬಿಣಕ್ಕೂ ನಿಜವಾಗಿಯೇ ಸಂಬಂಧವುಂಟು: ರಕ್ತದಲ್ಲಿ ಕಬ್ಬಿಣದಂಶ ಕಡಿಮೆಯಿರುವ ಮಕ್ಕಳಲ್ಲಿ ಇದು ಹೆಚ್ಚು. ಬೇಕಾದುದು ಕೈಯಲ್ಲಿನ ಕಬ್ಬಿಣವಲ್ಲ, 6 ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಸರ್ಕಾರದ ಕಾರ್ಯಕ್ರಮದಡಿ ವಾರಕ್ಕೆ ಎರಡು ಬಾರಿ ನೀಡುವ ಕಬ್ಬಿಣಾಂಶದ ಸಿರಪ್ಪು.

ಮನೆಯಲ್ಲಿ ನಿಗಾ ಇಡುವುದು

ಅಪಾಯದ ಲಕ್ಷಣಗಳಿಲ್ಲದ ಮಗುವನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಮೊದಲ ನಾಲ್ಕರಿಂದ ಆರು ಗಂಟೆಗಳು ಹೆಚ್ಚು ಮುಖ್ಯ. ಅನಂತರವೂ ಎರಡು ದಿನ ಗಮನವಿರಬೇಕು. ತಲೆಗೆ ಪೆಟ್ಟಾದ ಮಗುವನ್ನು ಮಲಗಗೊಡಬಾರದೆಂಬುದು ವ್ಯಾಪಕವಾದ ನಂಬಿಕೆ. ಅತ್ತು ದಣಿದ ಮಗು ನಿದ್ದೆಹೋಗುವುದು ಸಹಜ, ಬಲವಂತವಾಗಿ ಎಚ್ಚರವಾಗಿರಿಸಿದರೆ ಅದರ ಕಿರಿಕಿರಿಯಲ್ಲಿ ನಿಜವಾದ ಲಕ್ಷಣಗಳೇ ಮರೆಯಾಗುತ್ತವೆ. ಮೊದಲ ರಾತ್ರಿ ಒಂದೆರಡು ಬಾರಿ ಮೆಲ್ಲನೆ ಮುಟ್ಟಿ ನೋಡಿದರೆ ಸಾಕು. ಮಗು ಮಿಸುಕಾಡಿ, ಮುಖ ಕಿವಿಚಿ, ಹಾಲಿಗೆ ಬಾಯಿಹಾಕಿ ಮತ್ತೆ ಮಲಗಿದರೆ ಚಿಂತೆಯಿಲ್ಲ. ಎಚ್ಚರಗೊಳ್ಳದಿದ್ದರೆ ಬೆಳಗಾಗುವವರೆಗೆ ಕಾಯಬಾರದು.

ಎತ್ತಿಕೊಂಡರೆ ಅಳುವ, ಕಾಲೂರಲು ಒಪ್ಪದ ಮಗುವಿಗೆ ಉಳುಕು ಎಂದು ಹೆಸರಿಟ್ಟು ನೀವಿಸಲು ಕರೆದೊಯ್ಯುವುದು ಈ ಭಾಗದಲ್ಲಿ ಈಗಲೂ ಇದೆ. ನಡಿಗೆ ಕಲಿಯುವ ಮಕ್ಕಳಲ್ಲಿ ಕಾಲು ತಿರುಚಿ ಬಿದ್ದಾಗ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸೂಕ್ಷ್ಮವಾದ ಸುರುಳಿ ಬಿರುಕು ಉಂಟಾಗಬಹುದು. ಊತ ಕಾಣದಿದ್ದರೂ ಮಗು ಕುಂಟುತ್ತದೆ. ಬೀಳುವ ಮಗುವನ್ನು ಒಂದೇ ಕೈ ಹಿಡಿದು ಎಳೆದಾಗ ಮೊಣಕೈಯ ಮೂಳೆ ಸರಿಯುವುದೂ ಸಾಮಾನ್ಯ. ಅದನ್ನು ಬಲ್ಲ ವೈದ್ಯರು ಕ್ಷಣಮಾತ್ರದಲ್ಲಿ ಸರಿಪಡಿಸುತ್ತಾರೆ. ನೀವುವುದರಿಂದ ಮೊದಲನೆಯದು ಹೆಚ್ಚುತ್ತದೆ, ಎರಡನೆಯದು ತಡವಾಗುತ್ತದೆ. ದೃಷ್ಟಿ ತೆಗೆಯುವುದರಿಂದ ಮಗುವಿಗೆ ಹಾನಿಯೇನಿಲ್ಲ. ಆಸ್ಪತ್ರೆಗೆ ಹೊರಡುವುದು ಅದರಿಂದ ತಡವಾಗಬಾರದು ಅಷ್ಟೆ. ಕಿತ್ತುಬಂದ ಹಾಲುಹಲ್ಲನ್ನು ಮತ್ತೆ ಕೂರಿಸಲು ಯತ್ನಿಸಬಾರದು, ಅಡಿಯಲ್ಲಿರುವ ಶಾಶ್ವತ ಹಲ್ಲಿಗೆ ಅದರಿಂದ ಧಕ್ಕೆಯಾಗುತ್ತದೆ.

ಸ್ಕ್ಯಾನ್ ಬೇಕೇ ಎಂಬ ಪ್ರಶ್ನೆ

ಬಿದ್ದ ಪ್ರತಿಯೊಂದು ಮಗುವಿಗೂ ಸಿ.ಟಿ. ಸ್ಕ್ಯಾನ್ ಅಗತ್ಯವಿಲ್ಲ. ಉತ್ತರ ಅಮೆರಿಕದ 25 ತುರ್ತು ಚಿಕಿತ್ಸಾ ಘಟಕಗಳಲ್ಲಿ ತಲೆಪೆಟ್ಟಾದ 42,412 ಮಕ್ಕಳನ್ನು ಪರಿಶೀಲಿಸಿ ಕುಪ್ಪರ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಮುಖವಾದುದು. ಅವರಲ್ಲಿ 376 ಮಕ್ಕಳಿಗೆ, ಅಂದರೆ ಶೇಕಡ 0.9ರಷ್ಟು ಮಂದಿಗೆ ಮಾತ್ರ ಮಿದುಳಿಗೆ ಗಣನೀಯ ಪೆಟ್ಟಾಗಿತ್ತು. 60 ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಎರಡು ವರ್ಷದೊಳಗಿನವರಲ್ಲಿ ಆರು ಅಂಶಗಳನ್ನು ನೋಡಬೇಕೆಂದು ಅಧ್ಯಯನ ಸೂಚಿಸಿತು. ಎಚ್ಚರದ ಮಟ್ಟದಲ್ಲಿ ಏರುಪೇರು, ಹಣೆಯನ್ನು ಬಿಟ್ಟು ತಲೆಯ ಬೇರೆಡೆ ಊತ, ಐದು ಸೆಕೆಂಡು ಅಥವಾ ಹೆಚ್ಚು ಕಾಲ ಪ್ರಜ್ಞೆ ತಪ್ಪಿದುದು, ಮೂರು ಅಡಿಗೂ ಮೀರಿದ ಎತ್ತರದಂತಹ ತೀವ್ರ ಕಾರಣ, ಕೈಗೆ ತಿಳಿಯುವ ಬುರುಡೆಯ ಮುರಿತ, ಕೊನೆಯದಾಗಿ ‘ಮಗು ಎಂದಿನಂತಿಲ್ಲ’ ಎಂಬ ಹೆತ್ತವರ ಮಾತು. ತಾಯಿಯ ಮನಸ್ಸಿಗೆ ತೋರಿದ ಅನುಮಾನವೂ ವೈದ್ಯಕೀಯ ಲಕ್ಷಣಗಳ ಸಾಲಿನಲ್ಲಿ ಸ್ಥಾನ ಪಡೆದಿರುವುದು ಗಮನಾರ್ಹ. ಈ ಆರೂ ಇಲ್ಲದಿದ್ದರೆ ಸ್ಕ್ಯಾನ್ ಬಿಟ್ಟು ನಿಗಾ ಇಡುವುದೇ ಲೇಸು, ಏಕೆಂದರೆ ಎಳೆಯ ಮಿದುಳಿನ ಮೇಲೆ ಕ್ಷಕಿರಣಗಳ ಪ್ರಭಾವ ಹೆಚ್ಚು.

ವೈದ್ಯಕೀಯ ನೆರವು

ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ ಆರೋಗ್ಯ ಕವಚ ಯೋಜನೆಯ 108 ಆಂಬುಲೆನ್ಸ್ ಸೇವೆ ಉಚಿತ. ಕಟ್ಟಾಯ ಸೀಮೆಯವರಿಗೆ ಸಮೀಪದ ದೊಡ್ಡ ಆಸ್ಪತ್ರೆಯೆಂದರೆ ಹಾಸನ ನಗರದಲ್ಲಿರುವ, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಬೋಧನಾ ಆಸ್ಪತ್ರೆ. ನರಶಸ್ತ್ರಚಿಕಿತ್ಸೆಯಲ್ಲಿ ಉನ್ನತ ಪರಿಣತಿ ಬೇಕಾದಾಗ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಿಗೆ ಕಳುಹಿಸುವುದುಂಟು. ಆದರೆ ಸುಮಾರು 180 ಕಿಲೋಮೀಟರ್ ದೂರದ ಬೆಂಗಳೂರಿಗೆ ನೇರವಾಗಿ ಹೊರಡುವುದಕ್ಕಿಂತ ಹತ್ತಿರದಲ್ಲಿ ಉಸಿರಾಟ, ರಕ್ತಸ್ರಾವಗಳನ್ನು ಸ್ಥಿರಗೊಳಿಸಿಕೊಂಡು ಹೋಗುವುದು ಸುರಕ್ಷಿತ. ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಗೆ ಭೇಟಿಕೊಡುವ ಕಾರ್ಯಕ್ರಮ 2018ರಿಂದ ಇದೆ. ಮಗು ಹೊರಳುವ, ಅಂಬೆಗಾಲಿಡುವ, ನಡೆಯುವ ಕಾಲಕ್ಕೆ ಈ ಭೇಟಿಗಳು ಸರಿಹೊಂದುವುದರಿಂದ ಬೀಳುವ ವಿಚಾರವನ್ನು ಕೇಳಿ ತಿಳಿಯಲು ಇದು ತಕ್ಕ ಸಂದರ್ಭ.

ನಿಂದೆ ಮತ್ತು ಮುಚ್ಚಿಡುವಿಕೆ

ಮಗು ಬಿದ್ದಾಗ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಪೆಟ್ಟಾಯಿತೇ’ ಎಂಬುದಕ್ಕಿಂತ ‘ಯಾರು ನೋಡಿಕೊಳ್ಳುತ್ತಿದ್ದರು’ ಎಂಬುದೇ ಆಗಿರುತ್ತದೆ. ಬಾಣಂತನ ಮುಗಿಸಿ ಬಂದ ಸೊಸೆ, ಕೂಸನ್ನು ಆಡಿಸುತ್ತಿದ್ದ ಎಂಟು ಹತ್ತು ವರ್ಷದ ಅಕ್ಕ, ಕಣ್ಣು ಮಂಜಾದ ಅಜ್ಜಿ, ಇವರಲ್ಲಿ ಒಬ್ಬರ ಮೇಲೆ ತಪ್ಪು ಬೀಳುತ್ತದೆ. ಬೈಗುಳಕ್ಕೆ ಹೆದರಿ ಬಿದ್ದುದನ್ನೇ ಹೇಳದಿರುವುದು, ಜಗುಲಿಯಿಂದ ಬಿದ್ದುದನ್ನು ಚಾಪೆಯಿಂದ ಹೊರಳಿತು ಎನ್ನುವುದು ಇದರ ಫಲ. ಎತ್ತರ, ನೆಲ, ಸಮಯ, ಬಿದ್ದ ಕೂಡಲೇ ಅತ್ತಿತೋ ಇಲ್ಲವೋ ಎಂಬ ನಾಲ್ಕು ವಿವರಗಳ ಮೇಲೆ ಚಿಕಿತ್ಸೆಯ ನಿರ್ಧಾರ ನಿಂತಿರುವುದರಿಂದ ಸುಳ್ಳು ಎತ್ತರ ಹೇಳಿದರೆ ಕೆಡುವುದು ಮಗುವಿಗೇ. ಕಂಡವರು ಚಿಕ್ಕ ಮಕ್ಕಳಾಗಿದ್ದರೆ ಅವರನ್ನು ಗದರದೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೇಳಬೇಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ಇನ್ನೂ ಹೊರಳಲೂ ಬಾರದ ಮಗುವಿನ ಮೈಮೇಲೆ ಕಪ್ಪುಗಟ್ಟಿದ ಗುರುತುಗಳಿದ್ದರೆ, ಹೇಳುವ ಕಾರಣಕ್ಕೂ ಕಾಣುವ ಪೆಟ್ಟಿಗೂ ತಾಳೆಯಾಗದಿದ್ದರೆ, ವೈದ್ಯರು ಹಿಂಸೆಯ ಸಾಧ್ಯತೆಯನ್ನು ಪರಿಶೀಲಿಸುವುದು ಅವರ ಕರ್ತವ್ಯ. ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ತಡೆಗಟ್ಟುವಿಕೆ

ತೊಲೆಗೆ ಕಟ್ಟಿದ ಸೀರೆಯ ಜೋಲಿ ಎಳೆಗೂಸಿಗೆ ಹಿತವಾದುದು, ಮಗು ಎದ್ದು ಕುಳಿತುಕೊಳ್ಳತೊಡಗಿದ ದಿನ ಅದನ್ನು ಬಿಚ್ಚಬೇಕು. ಹಳೆಯ ಸೀರೆ ಗಂಟಿನ ಬಳಿ ಮೊದಲು ಹರಿಯುತ್ತದೆ. ಕೆಳಗೆ ಹಾಸಿಗೆ ಹಾಸಿಡುವುದು ಒಳ್ಳೆಯದು. ಮರದ ತೊಟ್ಟಿಲಿನ ಕಟಾಂಜನಕ್ಕೆ ಹಿಡಿದು ನಿಲ್ಲುವ ಮಗುವಿಗೂ ಇದೇ ನಿಯಮ. ಮಗುವನ್ನು ಒಳಗೆ ಕೂರಿಸಿ ಬಿಡುವ ಚಕ್ರದ ವಾಕರ್ ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮೆಟ್ಟಿಲು ಮತ್ತು ಒಲೆಯ ಕಡೆಗೆ ಮಾತ್ರ ಬೇಗ ಒಯ್ಯುತ್ತದೆ. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಮಗು ಹಿಂದೆ ನಿಂತು ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ನಡೆಗಾಡಿ ಇದಕ್ಕಿಂತ ಮೇಲು.

ಜಗುಲಿಯ ಅಂಚಿಗೆ ಹಲಗೆ ಅಡ್ಡ ಕಟ್ಟುವುದು, ನೆಲದಲ್ಲಿ ಹೂತ ಒರಳನ್ನು ಮುಚ್ಚುವುದು, ತೊಟ್ಟಿ ಹಾಗೂ ಸಂಪಿನ ಮುಚ್ಚಳ ಭದ್ರಪಡಿಸುವುದು, ಬಚ್ಚಲಿನ ಬಕೆಟ್ಟನ್ನು ಬರಿದಾಗಿಡುವುದು ಖರ್ಚಿಲ್ಲದ ಕೆಲಸಗಳು. ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದ ಮಗು ಅಲ್ಪ ನೀರಿನಲ್ಲಿಯೂ ಮುಳುಗಬಹುದು. ಎಣ್ಣೆ ಸ್ನಾನದ ಮಗುವನ್ನು ನಿಂತುಕೊಂಡು ಎತ್ತದೆ, ನೆಲದಲ್ಲಿ ಕುಳಿತು ಟವೆಲಿನಲ್ಲಿ ಸುತ್ತಿ ಇನ್ನೊಬ್ಬರ ಕೈಗೆ ಕೊಡುವ ಹಿರಿಯರ ಕ್ರಮ ಇಂದಿಗೂ ಅನುಸರಣೀಯ. ದ್ವಿಚಕ್ರ ವಾಹನದಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ಮೀರಿದ್ದರೆ ಅಳತೆಗೆ ತಕ್ಕ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರಿಗೆ ಮೀರದ ವೇಗ ಇವುಗಳನ್ನು ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಅಧಿಸೂಚನೆ ಕಡ್ಡಾಯಗೊಳಿಸಿದೆ. ಸಂತೆಗೆ, ಜಾತ್ರೆಗೆ ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಹಿಂದೆ ಒಂದು ಬದಿಗೆ ಕುಳಿತು ಸಾಗುವ ತಾಯಂದಿರನ್ನು ಈ ರಸ್ತೆಗಳಲ್ಲಿ ಈಗಲೂ ಕಾಣಬಹುದು.